ನೆಟ್ ಇಲ್ಲದ ಶಾಲೆಯಲ್ಲೂ ದೀಕ್ಷಾ ಪಾಠ ತೋರಿಸುವುದು ಹೇಗೆ?

ಸರ್ಕಾರಿ ಶಾಲೆಯ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇರುತ್ತದಲ್ವಾ, ಅದನ್ನು ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ಪ್ರಶ್ನೆ ಎಲ್ಲ ತೆರೆದುಕೊಳ್ಳುತ್ತವೆ. 2017ರಲ್ಲಿ ಶುರುವಾದ ಈ ಆ್ಯಪ್‌ನಲ್ಲಿ ರಾಜ್ಯದ ಪಠ್ಯಕ್ಕೆ ತಕ್ಕ ಸಾಮಗ್ರಿ ಇದೆ, ಅದೂ ಪುಕ್ಕಟೆ. ಆದರೆ ಚಿಂಚೋಳಿ ಕಡೆಯ ತಾಂಡಾದಲ್ಲೋ ಸುರಪುರದ ಒಳಹಳ್ಳಿಯಲ್ಲೋ ತರಗತಿಯಲ್ಲಿ ನಿಂತು ಸ್ಕ್ಯಾನ್ ಮಾಡಿದರೆ ಚಕ್ರ ಸುಮ್ನೆ ತಿರುಗುತ್ತಲೇ ಇರುತ್ತದೆ. ಅದಕ್ಕೇ ಡೌನ್‌ಲೋಡ್ ಕೆಲಸವನ್ನು ಶಾಲೆಯಲ್ಲಿ ಮಾಡಲೇಬೇಡಿ.

ನೆಟ್‌ವರ್ಕ್ ಚೆನ್ನಾಗಿ ಸಿಗುವ ಕಡೆ, ಮನೆಯಲ್ಲೋ ತಾಲೂಕು ಕೇಂದ್ರದಲ್ಲೋ ಕೂತು ಆ್ಯಪ್ ಹಾಕಿಕೊಳ್ಳಿ. ಭಾಷೆ ಕನ್ನಡ, ಬೋರ್ಡ್ ಕರ್ನಾಟಕ, ಆಮೇಲೆ ಮಾಧ್ಯಮ, ತರಗತಿ. ಲಾಗಿನ್ ಬೇಕಿಲ್ಲ, ಅತಿಥಿಯಾಗಿಯೇ ನೋಡಬಹುದು. ಮಾಧ್ಯಮ ಮಾತ್ರ ಸರಿಯಾಗಿ ನೋಡಿ ಆರಿಸಿ, ಯಾಕಂದ್ರೆ ಕಲಬುರಗಿಯಲ್ಲಿ ಉರ್ದು ಶಾಲೆಗಳಿವೆ, ಔರಾದ, ಭಾಲ್ಕಿ ಕಡೆ ಮರಾಠಿ ಶಾಲೆಗಳಿವೆ, ಕನ್ನಡ ಒತ್ತಿಬಿಟ್ಟರೆ ಅವರ ಪುಸ್ತಕ ಕಾಣಿಸುವುದೇ ಇಲ್ಲ.

ಹಳೇ ಪುಸ್ತಕದಲ್ಲಿ ಕೋಡ್ ಸವೆದು ಮಸುಕಾಗಿರುತ್ತದೆ, ಕ್ಯಾಮೆರಾ ಅದನ್ನು ಹಿಡಿಯುವುದಿಲ್ಲ. ಆಗ ಕೋಡಿನ ಜೊತೆ ಅಚ್ಚಾಗಿರುವ 6 ಇಂಗ್ಲಿಷ್ ಅಕ್ಷರ-ಅಂಕಿಗಳನ್ನು ಹುಡುಕುವ ಜಾಗದಲ್ಲಿ ಟೈಪ್ ಮಾಡಿ, ಪಾಠ ಬರುತ್ತದೆ.

ಮುಂದಿನ ವಾರ ಕಲಿಸುವ ಪಾಠಗಳನ್ನಷ್ಟೇ ಇಳಿಸಿಕೊಳ್ಳಿ. ಇಡೀ ಪುಸ್ತಕ ಇಳಿಸಿದರೆ ಫೋನ್ ತುಂಬಿ ಮನೆಯವರ ಫೋಟೋ ಅಳಿಸಬೇಕಾಗುತ್ತದೆ, ಬೈಗುಳ ನಿಮಗೇ. ಇನ್ನೊಂದು ತಕರಾರು ಇದೆ: ಕೆಲವು ವಿಡಿಯೋ ಯೂಟ್ಯೂಬ್‌ನಿಂದ ಬರುತ್ತವೆ, ಅವು ನೆಟ್ ಇಲ್ಲದೆ ಓಡುವುದಿಲ್ಲ. ಇಳಿಸಿದ ಮೇಲೆ ಡೇಟಾ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದೊಂದನ್ನೂ ಒತ್ತಿ ನೋಡಿ. ಓಡಿದ್ದು ಮಾತ್ರ ನಾಳೆಯ ತರಗತಿಗೆ.

ಶಾಲೆಯಲ್ಲಿ ಸ್ಮಾರ್ಟ್ ಟೀವಿ ಇದ್ದರೆ, ಅದರಲ್ಲೂ ಫೋನ್‌ನಲ್ಲೂ ಸ್ಕ್ರೀನ್ ಮಿರರಿಂಗ್ (ಫೋನಿನ ಪರದೆಯನ್ನು ಟೀವಿಯಲ್ಲಿ ತೋರಿಸುವ ಸೌಲಭ್ಯ) ಇದೆಯಾ ಅಂತ ಮೊದಲೇ ಪರೀಕ್ಷಿಸಿ. ಫೋನನ್ನು ಟೀವಿಗೆ ಜೋಡಿಸುವ ಕೇಬಲ್ ತರುವುದಾದರೆ ಜಾಸ್ತಿ ಎಚ್ಚರ ಬೇಕು, ಎಷ್ಟೋ ಕಡಿಮೆ ಬೆಲೆಯ ಫೋನ್‌ಗಳ ಟೈಪ್-ಸಿ ಕಿಂಡಿ ಚಾರ್ಜಿಂಗ್‌ಗೆ, ಫೈಲ್ ಸಾಗಿಸುವುದಕ್ಕೆ ಮಾತ್ರ, ಚಿತ್ರವನ್ನು ಟೀವಿಗೆ ಕಳಿಸುವುದಿಲ್ಲ. ಅಂಗಡಿಗೆ ಅದೇ ಫೋನ್ ತಗೊಂಡು ಹೋಗಿ, ಅಲ್ಲೇ ಟೀವಿಗೆ ಹಾಕಿ ನೋಡಿ ದುಡ್ಡು ಕೊಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಹಾಗಾಗಿ ತೋರಿಸುವುದನ್ನೆಲ್ಲ ಮೊದಲ ಪೀರಿಯಡ್‌ನಲ್ಲೇ ಮುಗಿಸಿ.

ದುಡ್ಡು? ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಶಾಲಾ ಅನುದಾನದಲ್ಲಿ ಇಂಟರ್ನೆಟ್, ಕರೆಂಟ್ ಬಿಲ್, ಕಲಿಕಾ ಸಾಮಗ್ರಿ, ಕೆಟ್ಟ ಸಾಮಾನಿನ ಬದಲಿ ಎಲ್ಲಕ್ಕೂ ಅವಕಾಶ ಇದೆ. 31ರಿಂದ 100 ಮಕ್ಕಳಿರುವ ಶಾಲೆಗೆ ನಿಯಮದಂತೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಇದ್ದರೆ 50,000. ಸುಣ್ಣಬಣ್ಣಕ್ಕೇ ಎಲ್ಲ ಖಾಲಿಯಾಗುವ ಮೊದಲು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಮಾತು ಎತ್ತಿ, ಠರಾವಿನಲ್ಲಿ ಬರೆಸಿ. ಟೀವಿಯೇ ಇಲ್ಲದ ಶಾಲೆಯವರು ಅದೇ ಠರಾವಿನ ಪ್ರತಿ ಲಗತ್ತಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬೇಡಿಕೆ ಪತ್ರ ಕೊಡಿ, ಸೀಲ್ ಹಾಕಿಸಿಕೊಂಡ ನಕಲು ಶಾಲೆಯ ಫೈಲಿನಲ್ಲಿರಲಿ.