26 ಬಂತು, ಬೇಕಾಗಿದ್ದು 45

ಸಿಲಿಕಾನ್ ಹರಳಿನಲ್ಲಿ ಕೂತ ಫಾಸ್ಫರಸ್‌ನಿಂದ ಐದನೇ ಎಲೆಕ್ಟ್ರಾನನ್ನು ಬಿಡಿಸಲು ಎಷ್ಟು ಶಕ್ತಿ ಬೇಕು? ಎಂಎಸ್ಸಿಯಲ್ಲಿ ಈ ಲೆಕ್ಕ ಕೊಟ್ಟಾಗ ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ನಾಲ್ಕು ಎಲೆಕ್ಟ್ರಾನ್ ಅಕ್ಕಪಕ್ಕದ ಸಿಲಿಕಾನ್ ಜೊತೆ ಬಂಧದಲ್ಲಿವೆ, ಉಳಿದ ಒಂದು ಪಾಸಿಟಿವ್ ಅಯಾನಿನ ಸುತ್ತ ತಿರುಗುತ್ತಿದೆ. ಹೈಡ್ರೋಜನ್ ಥರಾನೇ ಅಲ್ವಾ? ಹೈಡ್ರೋಜನ್ನಿನ ಎಲೆಕ್ಟ್ರಾನ್ ಬಿಡಿಸಲು ಬೇಕಾದ 13.6 ಎಲೆಕ್ಟ್ರಾನ್ ವೋಲ್ಟನ್ನು ಹರಳಿನೊಳಗೆ ಎಲೆಕ್ಟ್ರಾನಿಗೆ ಇದ್ದಂತೆ ತೋರುವ ಭಾರ (ಖಾಲಿ ಜಾಗದ ಎಲೆಕ್ಟ್ರಾನಿನ ಲೆಕ್ಕದಲ್ಲಿ), ಅಂದರೆ ಎಫೆಕ್ಟಿವ್ ಮಾಸ್‌ನಿಂದ ಗುಣಿಸಿ, ಹರಳು ವಿದ್ಯುತ್ ಸೆಳೆತವನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಅಂತ ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕದ (ಸಿಲಿಕಾನ್‌ಗೆ 11.7) ವರ್ಗದಿಂದ ಭಾಗಿಸಿದರೆ ಮುಗೀತು.

ಮೊದಲ ಸಲ 0.3 ಎಲೆಕ್ಟ್ರಾನ್ ವೋಲ್ಟ್ ಬಂತು. 11.7ನ್ನು ವರ್ಗ ಮಾಡೋದೇ ಮರೆತಿದ್ದೆ. ಎರಡನೇ ಸಲ ಟೇಬಲ್‌ನಲ್ಲಿ ಕಣ್ಣಿಗೆ ಬಿದ್ದ 1.08 ಅನ್ನೋ ಮಾಸ್ ಹಾಕಿಬಿಟ್ಟೆ, 107 ಮಿಲಿ ಎಲೆಕ್ಟ್ರಾನ್ ವೋಲ್ಟ್ ಬಂತು. ಅದು ಎಲೆಕ್ಟ್ರಾನ್‌ಗಳು ಬಿಡುವಾಗಿ ಓಡಾಡುವ ಶಕ್ತಿಮಟ್ಟಗಳ ಗುಂಪಾದ ಬ್ಯಾಂಡ್‌ನಲ್ಲಿ ಸ್ಥಿತಿಗಳು ಎಷ್ಟಿವೆ ಅಂತ ಎಣಿಸೋಕೆ ಇರುವ ಮಾಸ್, ಇಲ್ಲಿ ಅದಕ್ಕೆ ಕೆಲಸ ಇಲ್ಲ. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನಿನ ಮಾಸ್ ಒಂದು ದಿಕ್ಕಿಗೆ 0.98, ಉಳಿದೆರಡು ದಿಕ್ಕಿಗೆ 0.19. ಈ ಮೂರರ ವಿಲೋಮಗಳನ್ನು ಕೂಡಿಸಿ, 3ನ್ನು ಆ ಮೊತ್ತದಿಂದ ಭಾಗಿಸಿದರೆ 0.26 ಸಿಗುತ್ತದೆ. ಆಮೇಲೆ 13.6 × 0.26 ÷ 136.9, ಅಂದರೆ ಸುಮಾರು 26 ಮಿಲಿ. (ರೂಮ್ ಟೆಂಪರೇಚರ್‌ನಲ್ಲಿ ಕೆಟಿ, ಅಂದರೆ ಶಾಖದ ಶಕ್ತಿಯ ಅಳತೆ, ಕೂಡ 26. ಏನೋ ದೊಡ್ಡ ಗುಟ್ಟು ಸಿಕ್ಕಿತು ಅಂತ ಒಂದು ಸಂಜೆ ಹಿಗ್ಗಿದ್ದೆ, ಸುಮ್ನೆ ಕಾಕತಾಳೀಯ.)

ಪ್ರಯೋಗದಲ್ಲಿ ಅಳೆದದ್ದು ಮಾತ್ರ 45. ಆರ್ಸೆನಿಕ್ ಆದರೆ 54. ನನ್ನ ಸೂತ್ರದಲ್ಲಿ ಡೋನರ್ (ಎಲೆಕ್ಟ್ರಾನ್ ಕೊಡುವ ಬೆರಕೆ ಪರಮಾಣು) ಯಾವುದು ಅಂತ ಹೇಳೋಕೆ ಜಾಗವೇ ಇಲ್ಲ! ಸಿಟ್ಟಿಗೆ ಅದೇ ಲೆಕ್ಕವನ್ನು ಗ್ಯಾಲಿಯಂ ಆರ್ಸೆನೈಡ್‌ಗೆ ಮಾಡಿದೆ, ಮಾಸ್ 0.067, ಸ್ಥಿರಾಂಕ 12.9. ಬಂದದ್ದು 5.5, ಅಲ್ಲಿ ಸಿಲಿಕಾನ್ ಡೋನರ್‌ಗೆ ಅಳೆದದ್ದು 5.8. ಇಲ್ಲಿ ಸರಿ, ಅಲ್ಲಿ ತಪ್ಪು, ಯಾಕೆ?

ಕಕ್ಷೆಯ ತ್ರಿಜ್ಯ ಹಾಕಿ ನೋಡಿದಾಗ ದಾರಿ ಕಂಡಿತು. 0.53 ಆಂಗ್‌ಸ್ಟ್ರಾಮನ್ನು ಸ್ಥಿರಾಂಕದಿಂದ ಗುಣಿಸಿ ಮಾಸ್‌ನಿಂದ ಭಾಗಿಸಿದರೆ ಗ್ಯಾಲಿಯಂ ಆರ್ಸೆನೈಡ್‌ಗೆ ನೂರರ ಹತ್ತಿರ, ಸಿಲಿಕಾನ್‌ಗೆ ಬರೀ 24. ಕಕ್ಷೆ ಚಿಕ್ಕದಾದಷ್ಟೂ ಎಲೆಕ್ಟ್ರಾನ್ ಡೋನರ್ ಪರಮಾಣುವಿನ ಮೇಲೆಯೇ ಜಾಸ್ತಿ ಹೊತ್ತು ಇರುತ್ತದೆ, ಅಷ್ಟು ಹತ್ತಿರದಲ್ಲಿ 11.7ರ ಮರೆ ಇರುವುದಿಲ್ಲ, ಹಾಗಾಗಿ ಸೆಳೆತ ಗಟ್ಟಿ. ಭೌತವಿಜ್ಞಾನಿಗಳಾದ ಕೋನ್ ಮತ್ತು ಲಟಿಂಜರ್ ಸಿಲಿಕಾನಿನ ಲೆಕ್ಕವನ್ನು 1955ರಲ್ಲಿ ಎರಡು ಮಾಸ್‌ಗಳನ್ನೂ ಬಿಡಿಬಿಡಿಯಾಗಿ ಇಟ್ಟುಕೊಂಡು ಮಾಡಿದರೂ ಸುಮಾರು 29ಕ್ಕೇ ನಿಂತಿತು.

ಈ ಕಾರಣ ನಿಜವೇ ಅಂತ ನೋಡಲು ಅದೇ ಎಲೆಕ್ಟ್ರಾನಿನ ಮೇಲಿನ ಶಕ್ತಿಮಟ್ಟಗಳಾದ ಪಿ ಸ್ಥಿತಿಗಳನ್ನು ತೆಗೆದುಕೊಂಡೆ. ಅವುಗಳ ಅಲೆ ನಡುಮಧ್ಯದಲ್ಲಿ ಸೊನ್ನೆ, ಡೋನರ್ ಯಾವುದಾದರೂ ಅವಕ್ಕೇನು? ಫಾಸ್ಫರಸ್, ಆರ್ಸೆನಿಕ್, ಆಂಟಿಮನಿ ಮೂರಕ್ಕೂ ಅವುಗಳಲ್ಲಿ ಅತಿ ಕೆಳಗಿನದಾದ 2ಪಿ0 ಬ್ಯಾಂಡ್‌ಗಿಂತ ಸುಮಾರು 11.5 ಮಿಲಿ ಕೆಳಗೇ ಇದೆ.