ಲಿನಕ್ಸ್ ರೀಸ್ಟಾರ್ಟ್ ಆದ ಮೇಲೂ ಆ್ಯಪ್‌ಗಳು ತಾವಾಗಿ ತೆರೆಯಬೇಕೇ?

ರೀಸ್ಟಾರ್ಟ್ ಆದ ಮೇಲೆ ಬ್ರೌಸರ್, ಫೈಲ್ ಮ್ಯಾನೇಜರ್, ಎಡಿಟರ್ ಎಂದು ಒಂದೊಂದನ್ನೇ ತೆರೆಯುತ್ತಾ ಕೂರುವವರು ಬಹಳ ಜನ. ಆ ಕೆಲಸ ಡೆಸ್ಕ್‌ಟಾಪಿನದು (ಪರದೆಯ ಮೆನು, ಕಿಟಕಿಗಳನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶದ್ದು), ನಿಮ್ಮದಲ್ಲ. ಜುಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಆವೃತ್ತಿಗಳಲ್ಲಿ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಬಳಸುವವರು ಹೀಗೆ ಮಾಡಿ.

ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಸೆಶನ್ ಅಂಡ್ ಸ್ಟಾರ್ಟಪ್' ತೆರೆದು, 'ಕ್ಲಿಯರ್ ಸೇವ್ಡ್ ಸೆಶನ್ಸ್' ಒತ್ತಿ ಹಳೆಯ ಸೆಶನ್ ಅಳಿಸಿ (ಯಾವ ಯಾವ ಆ್ಯಪ್ ತೆರೆದಿತ್ತು ಎಂಬ ನೆನಪೇ ಸೆಶನ್). ಲಾಗ್ ಔಟ್ ಆದಾಗಲೆಲ್ಲ ತಾನಾಗಿ ಸೇವ್ ಮಾಡುವ ಆಯ್ಕೆಯೂ ಅಲ್ಲೇ ಇದೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ನಿನ್ನೆ ಸುಮ್ನೆ ತೆರೆದ ಕ್ಯಾಲ್ಕುಲೇಟರ್ ಕೂಡ ಇವತ್ತು ಎದ್ದು ಬರುತ್ತದೆ.

ನಂತರ ಬೇಕಾದ ಆ್ಯಪ್‌ಗಳನ್ನಷ್ಟೇ ತೆರೆದಿಡಿ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ರೀಬೂಟ್ ಕಮಾಂಡ್ ಕೊಟ್ಟರೆ, ಇಲ್ಲವೇ ಪವರ್ ಬಟನ್ ಅದುಮಿ ಹಿಡಿದರೆ ಸೆಶನ್ ಸೇವ್ ಆಗುವುದಿಲ್ಲ. ಮೆನುವಿನಿಂದ 'ಲಾಗ್ ಔಟ್' ಆರಿಸಿ. ಬರುವ ಕಿಟಕಿಯಲ್ಲಿ 'ಸೇವ್ ಸೆಶನ್ ಫಾರ್ ಫ್ಯೂಚರ್ ಲಾಗಿನ್ಸ್' ಎದುರು ಟಿಕ್ ಹಾಕಿ, ಆಮೇಲೆ 'ರೀಸ್ಟಾರ್ಟ್' ಒತ್ತಿ. ಮುಂದಿನ ಸಲ ಆ ಟಿಕ್ ತೆಗೆದುಬಿಡಿ. ಒಮ್ಮೆ ಚೆನ್ನಾಗಿ ಜೋಡಿಸಿ ಉಳಿಸಿದ್ದೇ ಪ್ರತಿಸಲ ತೆರೆಯುತ್ತದೆ. ಇನ್ನೊಂದು ಎಚ್ಚರಿಕೆ: ಪ್ಯಾನೆಲ್ (ಮೆನು, ಗಡಿಯಾರ ಇರುವ ಪಟ್ಟಿ) ಮಾಯವಾಗಿರುವಾಗ, ಕಿಟಕಿಗಳ ಮೇಲಿನ ಪಟ್ಟಿ ಕಾಣದಿರುವಾಗ ಟಿಕ್ ಹಾಕಲೇಬೇಡಿ. ಆ ಕೆಟ್ಟ ಸ್ಥಿತಿಯೇ ಸೇವ್ ಆಗುತ್ತದೆ, ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದೇ ಬರುತ್ತದೆ. ಹಾಗಾಗಿದ್ದರೆ ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ. ಅಡಗಿದ 'ಕ್ಯಾಶ್' (.cache) ಫೋಲ್ಡರ್ ಕಾಣುತ್ತದೆ. ಅದರೊಳಗಿನ 'ಸೆಶನ್ಸ್' ಫೋಲ್ಡರ್ ಖಾಲಿ ಮಾಡಿ, ಟಿಕ್ ಇಲ್ಲದೆ ಲಾಗ್ ಔಟ್ ಆಗಿ.

ಫೈರ್‌ಫಾಕ್ಸ್ ತೆರೆದರೂ ಟ್ಯಾಬ್‌ಗಳು ಬಾರದಿದ್ದರೆ, ಅದರ ಸೆಟ್ಟಿಂಗ್ಸ್‌ನ 'ಜನರಲ್' ಭಾಗದಲ್ಲಿ 'ಓಪನ್ ಪ್ರೀವಿಯಸ್ ವಿಂಡೋಸ್ ಅಂಡ್ ಟ್ಯಾಬ್ಸ್' ಆರಿಸಿ. ಎಲ್ಲ ಆ್ಯಪ್‌ಗಳೂ ಸೆಶನ್ ಮಾತು ಕೇಳುವುದಿಲ್ಲ. ಕೇಳದವನ್ನು 'ಅಪ್ಲಿಕೇಶನ್ ಆಟೋಸ್ಟಾರ್ಟ್'ಗೆ ಸೇರಿಸಿ. ಎರಡೂ ಕಡೆ ಇದ್ದರೆ ಅದು ಎರಡು ಸಲ ತೆರೆಯಬಹುದು ಅಷ್ಟೆ. ಕಿಟಕಿಗಳ ಪಟ್ಟಿ ನೋಡಿಕೊಂಡು ಮರಳಿ ತೆರೆಯುತ್ತೇವೆ ಎನ್ನುವ, ವರ್ಷಗಳಿಂದ ಯಾರೂ ಮುಟ್ಟದ ಸ್ಕ್ರಿಪ್ಟ್‌ಗಳ ತಂಟೆಗೆ ಹೋಗಬೇಡಿ.

ರೀಸ್ಟಾರ್ಟ್ ಯಾಕೆ, ಸಸ್ಪೆಂಡ್ ಮಾಡಿದರೆ (ಕಂಪ್ಯೂಟರನ್ನು ನಿದ್ದೆಗೆ ಕಳಿಸಿದರೆ) ಸಾಕಲ್ವಾ ಎನ್ನುವವರಿದ್ದಾರೆ. ಎಲ್ಲವೂ ರ್‍ಯಾಮ್‌ನಲ್ಲಿ ಉಳಿಯುತ್ತದೆ ನಿಜ, ಆದರೆ ಕರೆಂಟ್ ಹೋದರೆ ಖಾಲಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಬಂದರೆ ರೀಸ್ಟಾರ್ಟ್ ಮಾಡಲೇಬೇಕು.

ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಳಸುವವರಿಗೆ ಇಷ್ಟು ಕಷ್ಟವಿಲ್ಲ: ಸಿಸ್ಟಂ ಸೆಟ್ಟಿಂಗ್ಸ್‌ನ 'ಡೆಸ್ಕ್‌ಟಾಪ್ ಸೆಶನ್'ನಲ್ಲಿ ಹಿಂದಿನ ಸೆಶನ್ ಮರಳಿಸುವ ಆಯ್ಕೆ ಇದೆ. ಯಾವ ಡೆಸ್ಕ್‌ಟಾಪ್ ಆದರೂ ಸಾಮಾನ್ಯವಾಗಿ ಮರಳುವುದು ಆ್ಯಪ್ ಮಾತ್ರ. ಸೇವ್ ಮಾಡದ ಬರಹ ಬರುತ್ತದೆ ಎಂದು ನಂಬಬೇಡಿ, ಟರ್ಮಿನಲ್‌ನಲ್ಲಿ ಓಡುತ್ತಿದ್ದ ಕೆಲಸವಂತೂ ಬರುವುದಿಲ್ಲ.