ಹುರುಪೆಯಲ್ಲಿ 12, ಕಿವಿಗಲ್ಲಿನಲ್ಲಿ 30: ಲೇಕ್ ಟ್ರೌಟ್ ವಯಸ್ಸು ನಾನು ಓದುವ ಬಗೆ

ಕೆನಡಾದ ಉತ್ತರ ಒಂಟಾರಿಯೊದ ಸರೋವರದ ಮೀನುಗಳ ಮೇಲೆ ಎಂ.ಎಸ್ಸಿ. ಮಾಡಲು ಬರುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ಅದಕ್ಕಿಂತ ಮೊದಲು ಮೀನಿನ ವಯಸ್ಸು ಓದಲು ಕಲಿಯಿರಿ ಅನ್ನುತ್ತೇನೆ ನಾನು. ಕೋಡ್ ತಪ್ಪಿದರೆ ಸಂಜೆಯೊಳಗೆ ತಿದ್ದಬಹುದು. ವಯಸ್ಸನ್ನು ಕಡಿಮೆ ಎಣಿಸಿದರೆ ಮೀನು ಬೇಗ ಬೆಳೆದು ಬೇಗ ಸಾಯುತ್ತದೆ ಅನ್ನಿಸುತ್ತದೆ, ವರ್ಷಕ್ಕೆ ಇಷ್ಟು ಹಿಡಿಯಬಹುದು ಅನ್ನುವ ಲೆಕ್ಕ ಉಬ್ಬುತ್ತದೆ, ಸರೋವರ ಬರಿದಾಗುತ್ತದೆ.

ಲೇಕ್ ಟ್ರೌಟ್‌ನಂಥ ತಣ್ಣೀರಿನ ಮೀನು ಬೆಳೆಯುವುದೇ ನಿಧಾನ. ವಯಸ್ಸು ಓದುವುದು ಅಂದರೆ ಮರದ ಉಂಗುರದ ಹಾಗೆ ವರ್ಷಕ್ಕೊಂದು ಬೀಳುವ ಗೆರೆಗಳನ್ನು ಎಣಿಸುವುದು. ಆದರೆ ಪ್ರಾಯಕ್ಕೆ ಬಂದ ಮೇಲೆ ಮೈಮೇಲಿನ ಹುರುಪೆ ಬೆಳೆಯುವುದು ಹೆಚ್ಚುಕಡಿಮೆ ನಿಂತು, ಅಂಚಿನ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಿವಿಯೊಳಗಿನ ಓಟೊಲಿತ್ ಅನ್ನುವ ಪುಟ್ಟ ಸುಣ್ಣದ ಕಲ್ಲು ಹಾಗಲ್ಲ, ಮೈ ಬೆಳೆಯದಿದ್ದರೂ ವರ್ಷಕ್ಕೊಂದು ಪದರ ಹಾಕಿಕೊಳ್ಳುತ್ತದೆ. ಹುರುಪೆಯಲ್ಲಿ 12 ಅಂತ ಎಣಿಸಿದ ಮೀನು ಇಲ್ಲಿ 30 ಆದರೆ ಆಶ್ಚರ್ಯವಿಲ್ಲ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಬಿಟ್ಟುಹೋದ ರೇಡಿಯೊಕಾರ್ಬನ್, ಮೀನು ಹುಟ್ಟಿದ ವರ್ಷ ಮೂಡಿದ ಕಲ್ಲಿನ ನಡುಭಾಗದಲ್ಲಿ ಎಷ್ಟಿದೆ ಅಂತ ಅಳೆದು ಈ ಎಣಿಕೆಯನ್ನು ತಾಳೆ ನೋಡಿದ್ದೂ ಆಗಿದೆ.

ಮೀನು ಬರುವುದು ಗಿಲ್‌ನೆಟ್‌ನಿಂದ, ಅಂದರೆ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸಿ ಮೀನನ್ನು ಕಿವಿರಿನ ಹತ್ತಿರ ಸಿಕ್ಕಿಸುವ ಬಲೆಯಿಂದ. 2008ರಲ್ಲಿ ಶುರುವಾದ ಒಂಟಾರಿಯೊ ಪ್ರಾಂತ್ಯದ ಸಮೀಕ್ಷೆಯ ದೊಡ್ಡ ಬಲೆಯಲ್ಲಿ 38ರಿಂದ 127 ಮಿಲಿಮೀಟರ್‌ವರೆಗೆ ಎಂಟು ಬೇರೆಬೇರೆ ಅಳತೆಯ ಬಲೆಗಣ್ಣುಗಳಿರುತ್ತವೆ. ರಾತ್ರಿಯಿಡೀ ಬಿಡುವ ಬಲೆಯಲ್ಲಿ ಮೀನು ಸಾಯುತ್ತದೆ, ಆದ್ದರಿಂದ ಒಂದು ಮೀನಿನಿಂದ ಸಿಗುವುದನ್ನೆಲ್ಲ ತೆಗೆದುಕೊಳ್ಳಬೇಕು: ಉದ್ದ, ತೂಕ, ಲಿಂಗ, ಪಾದರಸ ಎಷ್ಟಿದೆ ಅಂತ ಅಳೆಯಲು ಬೆನ್ನಿನ ಸ್ನಾಯು, ಡಿ.ಎನ್‌.ಎ.ಗೆ ರೆಕ್ಕೆಯ ಚೂರು, ಎರಡು ಓಟೊಲಿತ್. ಉದ್ದವನ್ನು ಬಾಲದ ಕವಲಿನವರೆಗೆ ಅಳೆದಿರೋ ತುದಿಯವರೆಗೋ ಅನ್ನುವುದನ್ನು ಹಾಳೆಯ ತಲೆಯಲ್ಲೇ ಬರೆಯಿರಿ. ಅರ್ಧ ಹಾಗೆ ಅರ್ಧ ಹೀಗೆ ಅಳೆದ ಪಟ್ಟಿಗಿಂತ ದೊಡ್ಡ ತಲೆನೋವಿಲ್ಲ.

ತಲೆಯ ಮೇಲ್ಭಾಗವನ್ನು ಕಣ್ಣಿನ ಹಿಂದಿನಿಂದ ಅಡ್ಡಲಾಗಿ ಕೊಯ್ದು ಮುಚ್ಚಳದ ಹಾಗೆ ಎತ್ತುತ್ತೇನೆ. ಮಿದುಳನ್ನು ಸರಿಸಿದರೆ ಅದರ ಕೆಳಗೆ, ಹಿಂಬದಿಗೆ, ಎರಡು ಗುಳಿಗಳಲ್ಲಿ ಕಲ್ಲುಗಳು ಕೂತಿರುತ್ತವೆ. ಚಿಮುಟದಿಂದ ಎತ್ತಿ, ಮೇಲಿನ ಪೊರೆಯನ್ನು ಉಜ್ಜಿ ತೆಗೆದು, ಕಾಗದದ ಲಕೋಟೆಗೆ ಹಾಕುತ್ತೇನೆ. ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಒದ್ದೆಯಲ್ಲಿ ಓಡುತ್ತದೆ. ಇಡೀ ತಲೆಯನ್ನು ಫಾರ್ಮಲಿನ್‌ಗೆ ಹಾಕಿ ಆಮೇಲೆ ತೆಗೆಯೋಣ ಅಂದುಕೊಂಡರೆ ಕೆಲಸ ಕೆಟ್ಟಿತು, ಅದರ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಕೆಲವು ಕಲ್ಲುಗಳು ಗಾಜಿನಂತೆ ಪಾರದರ್ಶಕವಾಗಿರುತ್ತವೆ. ಅದು ಸುಣ್ಣದ ಬೇರೆ ಹರಳು, ಅದರಲ್ಲಿ ಗೆರೆ ಸಿಗದು. ಎರಡೂ ಕಲ್ಲು ತೆಗೆಯಿರಿ ಅನ್ನುವುದು ಅದಕ್ಕೇ.

ಓದಲು ಎರಡು ದಾರಿ. ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ಹುಗಿದು, ಒಂದು ದಿನ ಗಟ್ಟಿಯಾಗಲು ಬಿಟ್ಟು, ವಜ್ರದ ಗರಗಸದಲ್ಲಿ ಅರ್ಧ ಮಿಲಿಮೀಟರಿಗೂ ತೆಳುವಾಗಿ ಕೊಯ್ಯುವುದು ಒಂದು. ಹುಗಿಯುವ ಮೊದಲು ನಡುಬಿಂದುವಿಗೆ ಪೆನ್ಸಿಲ್ ಗುರುತು ಹಾಕದಿದ್ದರೆ ಗರಗಸ ಪಕ್ಕಕ್ಕೆ ಹೋಗಿ, ಮೊದಲ ವರ್ಷದ ಗೆರೆಯೇ ಸಿಗುವುದಿಲ್ಲ.

ನನಗೆ ಒಗ್ಗಿದ್ದು ಮುರಿದು ಸುಡುವುದು. ಕಲ್ಲನ್ನು ನಡುಬಿಂದುವಿನ ಮೇಲೆ ಅಡ್ಡಲಾಗಿ ಮುರಿದು, ಮುರಿದ ಮುಖವನ್ನು 600 ನಂಬರಿನ ಒದ್ದೆ ಉಪ್ಪುಕಾಗದದ ಮೇಲೆ ನಯ ಮಾಡಿ, ಸ್ಪಿರಿಟ್ ದೀಪದ ಜ್ವಾಲೆಯ ಅಂಚಿಗೆ ಹಿಡಿಯುತ್ತೇನೆ. ಚಳಿಗಾಲದ ಪಟ್ಟಿ ಬೇಸಿಗೆಯದಕ್ಕಿಂತ ಮೊದಲು ಕಪ್ಪಾಗುತ್ತದೆ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಬಂದ ಕೂಡಲೇ ತೆಗೆಯಬೇಕು. ಎರಡು ಕ್ಷಣ ತಡವಾದರೆ ಬೂದಿಬಣ್ಣಕ್ಕೆ ತಿರುಗಿ ಚಿಮುಟದಲ್ಲೇ ಪುಡಿಯಾಗುತ್ತದೆ. ಆಮೇಲೆ ಪ್ಲಾಸ್ಟಿಸಿನ್ ಅನ್ನುವ ಆಟದ ಜೇಡಿಯ ಉಂಡೆಯಲ್ಲಿ ನೆಟ್ಟು, ಮುಖಕ್ಕೊಂದು ಹನಿ ಎಣ್ಣೆ ಹಚ್ಚಿ, ಮೇಲಿನಿಂದ ಬೆಳಕು ಬಿಟ್ಟು ನೋಡುವುದು.

ಮೊದಲ ಕೆಲವು ವರ್ಷಗಳ ಗೆರೆ ಅಗಲ, ಆಮೇಲೆ ಒತ್ತೊತ್ತು. ಹೊಸಬರು ಎಡವುವುದು ಅಂಚಿನಲ್ಲಿ. ಜನವರಿ 1 ಎಲ್ಲ ಮೀನಿಗೂ ಹುಟ್ಟುಹಬ್ಬ ಅನ್ನುವುದು ರೂಢಿ. ಮೇ ತಿಂಗಳಲ್ಲಿ ಹಿಡಿದ ಮೀನಿನಲ್ಲಿ ಕಳೆದ ಚಳಿಗಾಲದ ಗೆರೆ ಇನ್ನೂ ಅಂಚಿನಿಂದ ಬಿಡಿಸಿಕೊಂಡಿರುವುದಿಲ್ಲ, ಆದರೂ ಆ ಅಂಚನ್ನು ಒಂದು ವರ್ಷ ಅಂತ ಎಣಿಸಬೇಕು. ಹಾಗಾಗಿ ಹಿಡಿದ ದಿನಾಂಕ ಓದುವವರಿಗೆ ಗೊತ್ತಿರಬೇಕು, ಉದ್ದ ಮಾತ್ರ ಗೊತ್ತಿರಬಾರದು. ಮೀನು ದೊಡ್ಡದು ಅಂತ ಗೊತ್ತಾದರೆ ಕಣ್ಣು ತಾನಾಗಿ ಎರಡು ಗೆರೆ ಹೆಚ್ಚು ಕಾಣುತ್ತದೆ. ಇಬ್ಬರು ಬೇರೆಬೇರೆ ಓದಿ ಹೋಲಿಸಬೇಕು.

ಇನ್ನು ಪ್ರವೇಶದ ಮಾತು. ಮೊದಲು ಪ್ರಾಧ್ಯಾಪಕರು ಒಪ್ಪಬೇಕು, ಅರ್ಜಿ ಆಮೇಲೆ. ಥಂಡರ್ ಬೇ, ಸಡ್ಬರಿ, ವಿನ್ನಿಪೆಗ್ ಕಡೆ ಈ ಕೆಲಸ ನಡೆಯುತ್ತದೆ. ಕೆನೋರಾ ಹತ್ತಿರ 1968ರಲ್ಲಿ ಶುರುವಾದ ಪ್ರಾಯೋಗಿಕ ಸರೋವರ ಕ್ಷೇತ್ರವೂ ಇದೆ. ಅಲ್ಲಿ 223ನೇ ಸರೋವರಕ್ಕೆ ಬೇಕೆಂದೇ ಆಮ್ಲ ಸುರಿದಾಗ, ಟ್ರೌಟ್ ಸೊರಗಿದ್ದು ಆಮ್ಲದಿಂದಲ್ಲ, ಅದರ ಆಹಾರವಾದ ಸಣ್ಣ ಮೀನು, ಸೀಗಡಿಗಳು ಅಳಿದದ್ದರಿಂದ ಅಂತ ಗೊತ್ತಾಯಿತು. ವರ್ಷಗಟ್ಟಲೆ ಅಳೆದಿಟ್ಟದ್ದರಿಂದ ಸಿಕ್ಕ ಉತ್ತರ ಅದು.

ಸಾಧ್ಯವಾದರೆ ಸೆಪ್ಟೆಂಬರ್‌ಗಿಂತ ಮೇಯಲ್ಲಿ ಸೇರಿ. ಸೆಪ್ಟೆಂಬರ್‌ನಲ್ಲಿ ಸೇರಿದರೆ ಎರಡು ವರ್ಷದ ಪದವಿಯಲ್ಲಿ ಎರಡನೇ ಬೇಸಿಗೆಯ ಮಾದರಿಗಳು ಪ್ರಬಂಧ ಮುಗಿಸಬೇಕಾದ ಹೊತ್ತಿಗೆ ಲ್ಯಾಬಿಗೆ ಬಂದು ಬೀಳುತ್ತವೆ. ಮೀನು ಹಿಡಿಯುವ ಪರವಾನಗಿ, ಪ್ರಾಣಿ ಬಳಕೆ ಸಮಿತಿಯ ಒಪ್ಪಿಗೆಗೆ ಚಳಿಗಾಲದಲ್ಲೇ ಅರ್ಜಿ ಹಾಕಿ. ಸರೋವರ ಆದಿವಾಸಿ ಸಮುದಾಯದ ನೆಲದಲ್ಲಿದ್ದರೆ ಅವರ ಜೊತೆ ಮಾತುಕತೆ ಅದಕ್ಕೂ ಮೊದಲು, ಯೋಜನೆ ಬರೆಯುವ ಮುಂಚೆಯೇ ಆಗಬೇಕು.

ಕೆಲಸ ಸಿಗುವುದು ಪ್ರಾಂತ್ಯದ ಇಲಾಖೆ, ಕೇಂದ್ರದ ಮೀನುಗಾರಿಕೆ ಇಲಾಖೆ, ಗಣಿ ಮತ್ತು ಜಲವಿದ್ಯುತ್ ಯೋಜನೆಗಳಿಗೆ ವರದಿ ಬರೆಯುವ ಸಲಹಾ ಸಂಸ್ಥೆಗಳಲ್ಲಿ. ಮೊದಲ ಕೆಲಸ ಹೆಚ್ಚಾಗಿ ನಾಲ್ಕಾರು ತಿಂಗಳದ್ದು. ದೋಣಿ ನಡೆಸುವ ಕಾರ್ಡ್, ಕಾಡಿನ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ಡ್ರೈವಿಂಗ್ ಲೈಸೆನ್ಸ್ ಇರಲೇಬೇಕು ಅಂದುಕೊಳ್ಳಿ. ಟ್ರೇಲರ್ ಸಿಕ್ಕಿಸಿದ ಗಾಡಿಯನ್ನು ರಿವರ್ಸ್ ತೆಗೆದು ದೋಣಿಯನ್ನು ನೀರಿಗಿಳಿಸಲು ಬರುತ್ತದಾ ಅಂತ ಸಂದರ್ಶನದಲ್ಲೇ ಕೇಳುವುದುಂಟು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಭಾನುವಾರ ಅಭ್ಯಾಸ ಮಾಡಿದರೆ ಬರುತ್ತದೆ.